ಜಿಂಜೂ ಹೊಳೆಯ ಅನ್ನ

ನಮ್ಮ ಮನೆಗಳಲ್ಲಿ ಅಕ್ಕಿ ಆರಿಸುವುದು ಹೆಂಗಸರ ಕೆಲಸ. ರೇಷನ್ ಅಂಗಡಿಯಿಂದ ತಂದ ಅಕ್ಕಿಯನ್ನು ಮೊರಕ್ಕೆ ಸುರಿದುಕೊಂಡು, ಬೆಳಕು ಬೀಳುವ ಕಡೆ ಹೊಸ್ತಿಲ ಹತ್ತಿರ ಕೂತು, ನಮ್ಮವ್ವಂದಿರು ಕಲ್ಲು, ನೆಲ್ಲು, ಹುಳ ಒಂದೊಂದನ್ನೇ ಹೆಕ್ಕಿ ಬಿಸಾಕುತ್ತಿದ್ದರು. ಆಮೇಲೆ ಮೂರು ನೀರಲ್ಲಿ ತೊಳೆಯೋದು. ಇಷ್ಟಾದ ಮೇಲೆ ಅನ್ನ ಚೊಕ್ಕಟ ಅಂತ ಎಲ್ಲರ ನಂಬಿಕೆ. ಆದರೂ ಆ ಕೈ ಮುಟ್ಟಿದ ಅನ್ನ ಮೈಲಿಗೆ ಅಂತ ಪಂಕ್ತಿಯಿಂದ ಎದ್ದು ಹೋದವರನ್ನು ನಾವು ನೋಡಿದ್ದೇವೆ. ಹಾಗಾಗಿ ಅನ್ನದ ಶುದ್ಧಿ ಅಶುದ್ಧಿಯ ಮಾತು ಬಂದರೆ ನಮಗೆ ಮೈ ಉರಿಯುತ್ತದೆ.

ಈಗ ಹೇಳಹೊರಟಿರುವುದು ಇನ್ನೊಂದು ಮೈಲಿಗೆಯ ಚರಿತ್ರೆ. ಇದು ಮೊರದಲ್ಲಿ ಸಿಕ್ಕೋದಿಲ್ಲ. ಮೂವತ್ತು ನೀರಲ್ಲಿ ತೊಳೆದರೂ ಹೋಗೋದಿಲ್ಲ. ಬೇಯಿಸಿದರೆ ಸಾಯೋ ಹುಳವೂ ಅಲ್ಲ. ಇದನ್ನು ಅನ್ನಕ್ಕೆ ಬೆರೆಸಿದವರು ಯಾವ ಕೇರಿಯವರೂ ಅಲ್ಲ, ಒಂದು ದೊಡ್ಡ ಗಣಿ ಕಂಪೆನಿಯವರು. ಇದು ನಡೆದದ್ದು ಜಪಾನಿನಲ್ಲಿ. ನಮ್ಮ ಶಾಲೆಯ ಪಾಠದಲ್ಲಿ ಜಪಾನ್ ಅಂದರೆ ಶಿಸ್ತು, ದುಡಿಮೆ, ಬುಲೆಟ್ ರೈಲು, ಬಾಂಬು ಬಿದ್ದರೂ ಎದ್ದು ನಿಂತ ದೇಶ. ಆ ಪಾಠದಲ್ಲಿ ಜಿಂಜೂ ಹೊಳೆಯ ಹೆಂಗಸರ ಸುದ್ದಿ ಒಂದು ಸಾಲೂ ಇರಲಿಲ್ಲ.

ಜಪಾನಿನ ನಡುಭಾಗದಲ್ಲಿ, ಸಮುದ್ರಕ್ಕೆ ಮುಖಮಾಡಿ ತೊಯಾಮ ಅನ್ನುವ ಸೀಮೆ ಇದೆ. ಅದರ ತೆಂಕಲಿಗೆ ಗಿಫು ಸೀಮೆಯ ಬೆಟ್ಟಗಳು. ಆ ಬೆಟ್ಟಗಳಲ್ಲಿ ಹುಟ್ಟಿ ಸುಮಾರು 120 ಕಿಲೋಮೀಟರು ಹರಿದು ತೊಯಾಮದ ಕೊಲ್ಲಿ ಸೇರುವುದು ಜಿಂಜೂ. ಬೆಟ್ಟ ಇಳಿದು ಬಯಲಿಗೆ ಬಂದ ಕೂಡಲೆ ರೈತರು ಎಡಕ್ಕೂ ಬಲಕ್ಕೂ ಕಾಲುವೆ ತೆಗೆದು ಭತ್ತ ಬೆಳೆಯುತ್ತಿದ್ದರು. ಗದ್ದೆಗೆ ಬಿಟ್ಟ ಕಾಲುವೆಯ ನೀರೇ ಪಾತ್ರೆ ತೊಳೆಯೋದಕ್ಕೆ, ಅಡುಗೆಗೆ, ಕುಡಿಯೋದಕ್ಕೆ. ಹೊಳೆ ಅವರಿಗೆ ತಾಯಿ ಅಂತ ನಾವು ಬರೆದರೆ ಅದು ಬರೀ ಕವಿಗಳ ಮಾತಾಗುತ್ತದೆ. ಹೊಳೆ ಅವರಿಗೆ ಬಚ್ಚಲು, ಬಾವಿ, ಗದ್ದೆ ಮೂರೂ ಆಗಿತ್ತು.

ಮೇಲೆ ಬೆಟ್ಟದಲ್ಲಿ, ಜಿಂಜೂವಿಗೆ ಬಂದು ಸೇರುವ ತಕಹಾರ ಅನ್ನುವ ಹೊಳೆಯ ದಡದಲ್ಲಿ ಕಮಿಯೊಕ ಗಣಿ. ಬಹಳ ಕಾಲದಿಂದ ಅಲ್ಲಿ ಬೆಳ್ಳಿ, ತಾಮ್ರ ತೆಗೆಯುತ್ತಿದ್ದರು. 1874ರಲ್ಲಿ ಅಲ್ಲಿಗೆ ಮಿತ್ಸುಯಿ ಅನ್ನುವ ಧಣಿ ಮನೆತನ ಕಾಲಿಟ್ಟಿತು. 1889ರ ಹೊತ್ತಿಗೆ ಇಡೀ ಗಣಿ ಅವರ ಕೈಗೆ ಬಂತು. ಮಿತ್ಸುಯಿ ಅಂದರೆ ಸಣ್ಣಪುಟ್ಟ ಸಾಹುಕಾರರಲ್ಲ. ಬ್ಯಾಂಕು ಅವರದು, ವ್ಯಾಪಾರ ಅವರದು, ಕಲ್ಲಿದ್ದಲು ಅವರದು. ಸರ್ಕಾರ ಅವರ ಮನೆ ನಂಟ.

ಮೊದಲು ಸತುವಿಗೆ ಬೆಲೆ ಇರಲಿಲ್ಲ. 1904-05ರಲ್ಲಿ ಜಪಾನು ರಷ್ಯಾದ ಮೇಲೆ ಯುದ್ಧ ಮಾಡಿತು ನೋಡಿ, ಆಗ ಗುಂಡಿಗೆ ಸೀಸ ಬೇಕಾಯಿತು, ತೋಟಾಕ್ಕೆ ಹಿತ್ತಾಳೆ ಬೇಕಾಯಿತು, ಹಿತ್ತಾಳೆಗೆ ಸತು ಬೇಕಾಯಿತು. ಕಸ ಅಂತ ಬಿಸಾಕುತ್ತಿದ್ದ ಸತುವಿನ ಅದಿರು ಸರಕಾಯಿತು. ಈ ಅದಿರಿನ ಒಳಗೇ ಅದರ ತಮ್ಮನ ಹಾಗೆ ಅಂಟಿಕೊಂಡಿರುವ ಇನ್ನೊಂದು ಲೋಹ ಕ್ಯಾಡ್ಮಿಯಂ. ಅದು ಆಗ ಯಾರಿಗೂ ಬೇಡವಾಗಿತ್ತು. ಬೇಡವಾದದ್ದು ಹೊಳೆಗೆ ಹೋಯಿತು.

ಇಲ್ಲೊಂದು ತಾಂತ್ರಿಕ ಸಂಗತಿ ಇದೆ, ಇದನ್ನು ಬಿಟ್ಟರೆ ಕಥೆ ಅರ್ಥವಾಗೋದಿಲ್ಲ. ಗಣಿಯವರು ಮೊದಲು ಅದಿರನ್ನು ಒಡೆದು ತೂಕದ ಮೇಲೆ ಬೇರೆ ಮಾಡುತ್ತಿದ್ದರು. ಆಮೇಲೆ ಹೊಸ ವಿಧಾನ ಬಂತು. ಅದಿರನ್ನು ರಾಗಿ ಹಿಟ್ಟಿಗಿಂತ ನುಣ್ಣಗೆ ಬೀಸಿ, ನೀರಿಗೆ ಎಣ್ಣೆ ಬೆರೆಸಿ ನೊರೆ ಎಬ್ಬಿಸಿ, ಬೇಕಾದ ಲೋಹವನ್ನು ನೊರೆಯಲ್ಲಿ ತೇಲಿಸಿ ಎತ್ತಿಕೊಳ್ಳುವುದು. ಕಂಪೆನಿಗೆ ಇದರಿಂದ ಲಾಭ ಜಾಸ್ತಿ. ಆದರೆ ಉಳಿದ ಕಸವೂ ಹಿಟ್ಟಿನಷ್ಟೇ ನುಣ್ಣಗಿರುತ್ತದಲ್ಲ. ದಪ್ಪ ಕಲ್ಲು ಹೊಳೆಯ ತಳದಲ್ಲಿ ಹತ್ತಿರದಲ್ಲೇ ಕೂರುತ್ತದೆ. ಹಿಟ್ಟು ಕೂರೋದಿಲ್ಲ. ಅದು ಹೊಳೆಯ ಜೊತೆ ಬೆಟ್ಟ ಇಳಿದು, ಕಾಲುವೆ ಹಿಡಿದು, ನೀರು ನಿಲ್ಲುವ ಗದ್ದೆಗೆ ಬಂದು ಅಲ್ಲಿ ಮೆತ್ತಗೆ ಕೂರುತ್ತದೆ. ಗದ್ದೆ ಅಂದರೆ ನೀರು ನಿಲ್ಲಿಸುವುದಕ್ಕೇ ಮಾಡಿದ ಜಾಗ ತಾನೆ.

ಮೊದಲು ಕಂಡದ್ದು ಭತ್ತಕ್ಕೆ ಬಂದ ಕೇಡು. ಕಾಲುವೆಯಿಂದ ಗದ್ದೆಗೆ ನೀರು ಬೀಳುವ ಬಾಯಲ್ಲಿ ಪೈರು ಏಳುತ್ತಿರಲಿಲ್ಲ. ಹೊಳೆಯ ನೀರು ಬೆಳ್ಳಗೆ ಹಾಲಿನ ಹಾಗೆ ಬರುತ್ತಿತ್ತು, ಮೀನು ಸಾಯುತ್ತಿತ್ತು. ರೈತರು ಅರ್ಜಿ ಕೊಟ್ಟರು, ಕೂಗಾಡಿದರು. ಅಷ್ಟರಲ್ಲಿ ಚೀನಾದ ಮೇಲೆ ಯುದ್ಧ, ಆಮೇಲೆ ದೊಡ್ಡ ಯುದ್ಧ. ಯುದ್ಧದ ಕಾಲದಲ್ಲಿ ಗಣಿಯ ವಿರುದ್ಧ ಮಾತಾಡಿದರೆ ದೇಶದ್ರೋಹ. ಗಣಿಯೊಳಗೆ ಕೊರಿಯಾದಿಂದ ತಂದ ಕೂಲಿಗಳನ್ನೂ ಸೆರೆಸಿಕ್ಕ ಪರದೇಶದ ಸಿಪಾಯಿಗಳನ್ನೂ ದುಡಿಸಿದರು. ಅವರ ಚರಿತ್ರೆಯನ್ನೇ ಇನ್ನೊಂದು ಸಲ ಬರೆಯಬೇಕು. 1945ರಲ್ಲಿ ಗಣಿಯ ಕಸ ನಿಲ್ಲಿಸಿದ್ದ ಕಟ್ಟೆ ಒಡೆದು ರಾಶಿ ರಾಶಿ ಕೆಸರು ಹೊಳೆಗೆ ನುಗ್ಗಿತು. ಯುದ್ಧ ಮುಗಿದ ಮೇಲೆ ರೈತರು ಮತ್ತೆ ಸಂಘ ಕಟ್ಟಿದಾಗ ಕಂಪೆನಿ ಬೆಳೆನಷ್ಟಕ್ಕೆ ಅಂತ ಒಂದಿಷ್ಟು ಹಣ ಬಿಚ್ಚಿತು. ಭತ್ತಕ್ಕೆ ಪರಿಹಾರ ಸಿಕ್ಕಿತು. ಆ ಭತ್ತ ಉಂಡವರ ಮಾತು ಆಗಿನ್ನೂ ಯಾರ ಬಾಯಲ್ಲೂ ಇರಲಿಲ್ಲ.

ಉಂಡವರ ಮನೆಯೊಳಗೆ ಏನಾಗುತ್ತಿತ್ತು?

1910ರ ದಶಕದಿಂದಲೇ ಅಲ್ಲಿನ ಹಳ್ಳಿಗಳಲ್ಲಿ ಒಂದು ವಿಚಿತ್ರ ಕಾಯಿಲೆ ಇತ್ತು ಅಂತ ಆಮೇಲೆ ಲೆಕ್ಕ ಹಾಕಿದ್ದಾರೆ. ಮೂವತ್ತೈದು ನಲವತ್ತು ದಾಟಿದ, ಮೂರು ನಾಲ್ಕು ಮಕ್ಕಳು ಹೆತ್ತ ಹೆಂಗಸರಿಗೆ ಮೊದಲು ಸೊಂಟದಲ್ಲಿ, ತೊಡೆಯಲ್ಲಿ ನೋವು. ನಾಟಿ ಹಾಕಿ ಬಗ್ಗಿ ಬಗ್ಗಿ ಬಂದದ್ದು ಅಂತ ಅವರೇ ಸುಮ್ಮನಾಗುತ್ತಿದ್ದರು. ಆಮೇಲೆ ನಡಿಗೆ ಬಾತುಕೋಳಿಯ ಹಾಗೆ ಆ ಕಡೆ ಈ ಕಡೆ ವಾಲುತ್ತದೆ. ಒಂದು ದಿನ ಬದುವಿನ ಮೇಲೆ ಕಾಲು ಜಾರಿ ಬಿದ್ದರೆ ಮತ್ತೆ ಏಳುವುದಿಲ್ಲ. ಹಾಸಿಗೆಯಲ್ಲಿ ಮಗ್ಗಲು ತಿರುಗಿದರೆ ಎಲುಬು ಮುರಿಯುತ್ತದೆ. ಕೆಮ್ಮಿದರೆ ಪಕ್ಕೆಲುಬು ಮುರಿಯುತ್ತದೆ. ನಾಡಿ ನೋಡೋಕೆ ವೈದ್ಯ ಕೈ ಎತ್ತಿದರೆ ಆ ಕೈ ಮುರಿಯುತ್ತದೆ. ಒಬ್ಬ ಹೆಂಗಸಿನ ಮೈಯಲ್ಲಿ 72 ಕಡೆ ಮೂಳೆ ಮುರಿದಿದ್ದವು, ಆಕೆಯ ಎತ್ತರ 30 ಸೆಂಟಿಮೀಟರು ಕುಗ್ಗಿತ್ತು. ಬುದ್ಧಿ ಮಾತ್ರ ಕೊನೆಯವರೆಗೂ ಸರಿಯಾಗಿರುತ್ತದೆ. ಹಾಗಾಗಿ ಅವರು ಎಲ್ಲವನ್ನೂ ತಿಳಿದೇ ಅನುಭವಿಸಿದರು. ಜಪಾನಿ ಭಾಷೆಯಲ್ಲಿ 'ಇತಾಯ್' ಅಂದರೆ ನೋವು. ನಮ್ಮವರು ಅಯ್ಯೋ ಯವ್ವಾ ಅನ್ನುವ ಹಾಗೆ ಅವರು 'ಇತಾಯ್ ಇತಾಯ್' ಅಂತ ಹಗಲೂ ರಾತ್ರಿ ಕೂಗುತ್ತಿದ್ದರು.

ಊರಿನವರು ಏನಂದರು? ಪೂರ್ವಜನ್ಮದ ಕರ್ಮ ಅಂದರು. ಆ ಮನೆತನದ ಶಾಪ ಅಂದರು. ರೋಗಿಯನ್ನು ಹಿಂದಿನ ಕೋಣೆಯಲ್ಲಿ ಬಚ್ಚಿಟ್ಟರು. ಯಾಕೆ ಅಂದರೆ, ಇಂಥಾ ಮನೆ ಅಂತ ಗೊತ್ತಾದರೆ ಗಂಡುಮಕ್ಕಳಿಗೆ ಹೆಣ್ಣು ಸಿಕ್ಕೋದಿಲ್ಲ, ಹೆಣ್ಣುಮಕ್ಕಳನ್ನು ಕೇಳೋರಿರೋದಿಲ್ಲ. ಇಂಥಾ ಊರಿನ ಅಕ್ಕಿ ಅಂತ ಗೊತ್ತಾದರೆ ಅಕ್ಕಿ ಮಾರಾಟವಾಗೋದಿಲ್ಲ. ಸೊಸೆ ಅತ್ತೆಯ ಬಟ್ಟೆ ತೊಳೆದು ಉಣ್ಣಿಸಿ ಸಾಕುತ್ತಿದ್ದಳು. ಹತ್ತಿಪ್ಪತ್ತು ವರ್ಷದ ಮೇಲೆ ಅದೇ ಕೋಣೆಯಲ್ಲಿ ಅವಳೂ ಮಲಗುತ್ತಿದ್ದಳು.

ಇದನ್ನು ಓದಿದಾಗ ನಮಗೆ ಸಾಗರದ ಹತ್ತಿರದ ಹಂದಿಗೋಡು ನೆನಪಾಯಿತು. 1975ರ ಸುಮಾರಿಗೆ ಅಲ್ಲಿ ದಲಿತರ ಕೇರಿಗಳಲ್ಲಿ ಕೀಲು, ಸೊಂಟ ಹಿಡಿದು ಮಂದಿ ತೆವಳುವ ಹಾಗಾದದ್ದು ನಮ್ಮ ಹಿರಿಯರಿಗೆಲ್ಲ ಗೊತ್ತಿದೆ. ಗದ್ದೆಯ ಏಡಿ ತಿಂದಿದ್ದರಿಂದ, ಗದ್ದೆಗೆ ಹೊಡೆದ ಔಷಧಿಯಿಂದ ಅಂತ ಮೊದಲು ಅನುಮಾನವಿತ್ತು. ಆಮೇಲಿನ ಸಂಶೋಧನೆಗಳು ಅದು ವಂಶದಲ್ಲಿ ಬರುವ ಕಾಯಿಲೆ ಅಂತ ಹೇಳಿದವು. ಅದೂ ಇದೂ ಒಂದೇ ಅಂತ ನಾವು ಹೇಳುತ್ತಿಲ್ಲ. ಕಾರಣ ಬೇರೆ ಬೇರೆ. ಆದರೆ ಮದುವೆಯಾಗದೆ ಉಳಿದ ಮಕ್ಕಳು, ಊರಿನ ಹೆಸರು ಹೇಳೋಕೆ ನಾಚಿಕೆ, ಬಂದು ಬಂದು ರಕ್ತ ತಗೊಂಡು ಹೋಗುವ ಸಾಹೇಬರು, ಇವೆಲ್ಲ ಎರಡೂ ಕಡೆ ಒಂದೇ. ಹಂದಿಗೋಡಿನಲ್ಲಿ ಕಾಯಿಲೆಗೆ ಊರಿನ ಹೆಸರೇ ಇಟ್ಟರು.

ತೊಯಾಮದಲ್ಲಿ ಕಾಯಿಲೆಗೆ ಹೆಂಗಸರ ಕೂಗಿನ ಹೆಸರೇ ಬಂತು. ಫುಚು ಅನ್ನುವ ಊರಿನಲ್ಲಿ ನೊಬೊರು ಹಗಿನೊ ಎಂಬ ಡಾಕ್ಟರರಿದ್ದರು. ಮನೆತನದ ಆಸ್ಪತ್ರೆ. ಯುದ್ಧಕ್ಕೆ ಹೋಗಿದ್ದವರು 1946ರಲ್ಲಿ ಊರಿಗೆ ವಾಪಸು ಬಂದರು. ಬಾಗಿಲಿಗೆ ಇಂಥಾ ಹೆಂಗಸರು ಒಬ್ಬರ ಹಿಂದೆ ಒಬ್ಬರು ಬಂದರು. ಯಾವ ಪುಸ್ತಕದಲ್ಲೂ ಇಲ್ಲದ ಕಾಯಿಲೆ. ಆಸ್ಪತ್ರೆಯ ದಾದಿಯರು 'ಇತಾಯ್ ಇತಾಯ್ ಅಮ್ಮ ಬಂದರು' ಅನ್ನೋ ಧಾಟಿಯಲ್ಲಿ ಹೇಳೋದು ರೂಢಿಯಾಗಿ, 1955ರಲ್ಲಿ ಅಲ್ಲಿನ ಪತ್ರಿಕೆ ಅದೇ ಹೆಸರಿನಲ್ಲಿ ಸುದ್ದಿ ಮಾಡಿತು. ಇತಾಯ್ ಇತಾಯ್ ರೋಗ. ಇವತ್ತಿಗೂ ಪ್ರಪಂಚದ ವೈದ್ಯ ಪುಸ್ತಕಗಳಲ್ಲಿ ಅದೇ ಹೆಸರು.

ಮೊದಮೊದಲು ಹಗಿನೊ ಕೂಡ ದಾರಿ ತಪ್ಪಿದ್ದರು. ಊಟ ಸಾಲದು, ದುಡಿತ ಜಾಸ್ತಿ, ಹಿಮ ಬೀಳುವ ಸೀಮೆಯಲ್ಲಿ ಬಿಸಿಲು ಕಡಿಮೆ, ಅದಕ್ಕೇ ಮೂಳೆ ಮೆತ್ತಗಾಗಿದೆ ಅಂದುಕೊಂಡಿದ್ದರು. ಬೇರೆ ಪಂಡಿತರೂ ಅದನ್ನೇ ಹೇಳಿದರು. ಬಡತನ ಕಾರಣ ಅಂದುಬಿಟ್ಟರೆ ಎಷ್ಟು ಅನುಕೂಲ ನೋಡಿ. ಬಡತನದ ಮೇಲೆ ಕೇಸು ಹಾಕೋಕಾಗೋದಿಲ್ಲ. ಬಡತನಕ್ಕೆ ವಿಳಾಸ ಇಲ್ಲ, ಹೆಡ್ಡಾಫೀಸು ಇಲ್ಲ.

ಆದರೆ ಹಗಿನೊ ಒಂದು ಕೆಲಸ ಮಾಡಿದರು. ರೋಗಿಗಳ ಮನೆಗಳನ್ನು ನಕ್ಷೆಯ ಮೇಲೆ ಒಂದೊಂದು ಚುಕ್ಕೆ ಮಾಡಿ ಗುರುತು ಹಾಕಿದರು. ಜಿಂಜೂವಿನ ಒಂದು ಬದಿಗೆ ಕುಮಾನೊ ಅನ್ನುವ ಹೊಳೆ, ಇನ್ನೊಂದು ಬದಿಗೆ ಇದಾ ಅನ್ನುವ ಹೊಳೆ. ಚುಕ್ಕೆಗಳೆಲ್ಲ ಈ ಎರಡರ ನಡುವೆ, ಜಿಂಜೂ ಕಾಲುವೆಯ ನೀರು ಹರಿಯುವ ಹಳ್ಳಿಗಳಲ್ಲೇ ಗುಂಪುಗೂಡಿದ್ದವು. ಆಚೆ ದಡದ ಹಳ್ಳಿಗಳಲ್ಲೂ ಅಷ್ಟೇ ಬಡತನ, ಅಷ್ಟೇ ಹಿಮ, ಅಷ್ಟೇ ಮಕ್ಕಳು. ಅಲ್ಲಿ ಒಂದು ಚುಕ್ಕೆಯೂ ಇಲ್ಲ. ಯಾವ ಯಂತ್ರವೂ ಬೇಡವಾದ, ಒಬ್ಬ ಹಳ್ಳಿ ಮೇಷ್ಟ್ರೂ ಮಾಡಬಹುದಾದ ಕೆಲಸ ಇದು. ಇದನ್ನು ಓದುವ ಮೇಷ್ಟ್ರುಗಳಿಗೆ ಅಂತಲೇ ಇಲ್ಲಿ ಸ್ವಲ್ಪ ನಿಂತು ಹೇಳುತ್ತಿದ್ದೇವೆ.

1957ರಲ್ಲಿ ಹಗಿನೊ ಇದು ಗಣಿಯ ವಿಷ ಅಂತ ವೈದ್ಯರ ಸಭೆಯಲ್ಲಿ ಹೇಳಿದರು. ನಕ್ಕವರೇ ಜಾಸ್ತಿ. ಹಳ್ಳಿ ಡಾಕ್ಟರಿಗೆ ಹೆಸರು ಮಾಡೋ ಹುಚ್ಚು ಅಂದರು. ಊರಿನ ರೈತರೇ ಕೆಲವರು ನಮ್ಮ ಅಕ್ಕಿಯ ಹೆಸರು ಕೆಡಿಸುತ್ತಾನೆ ಅಂತ ಸಿಟ್ಟಾದರು. ಬೇಸಾಯ ವಿಜ್ಞಾನಿ ಕಿನ್‌ಇಚಿ ಯೊಶಿಯೊಕ, ಒಕಯಾಮ ವಿಶ್ವವಿದ್ಯಾನಿಲಯದ ಜುನ್ ಕೊಬಯಾಶಿ ಇವರಿಬ್ಬರು ಜೊತೆಗೆ ನಿಂತರು. ನೀರು, ಮಣ್ಣು, ಅಕ್ಕಿ, ಸತ್ತವರ ಮೂಳೆ ಎಲ್ಲವನ್ನೂ ಪರೀಕ್ಷೆ ಮಾಡಿದಾಗ ಎಲ್ಲದರಲ್ಲೂ ಕ್ಯಾಡ್ಮಿಯಂ. 1961ರಲ್ಲಿ ಹಗಿನೊ ಮತ್ತು ಯೊಶಿಯೊಕ ಅದನ್ನು ಬಹಿರಂಗವಾಗಿ ಹೇಳಿದರು.

ಈ ವಿಷ ಅನ್ನಕ್ಕೆ ಬಂದು ಮೂಳೆ ಮುರಿಯುವ ಬಗೆಯನ್ನು ನಾವು ಅರ್ಥ ಮಾಡಿಕೊಂಡ ಹಾಗೆ ಹೇಳುತ್ತೇವೆ. ಗದ್ದೆಯಲ್ಲಿ ನೀರು ನಿಂತಿರುವವರೆಗೆ ಕ್ಯಾಡ್ಮಿಯಂ ಗಂಧಕದ ಜೊತೆ ಸೇರಿ ಮಣ್ಣಿಗೇ ಅಂಟಿಕೊಂಡಿರುತ್ತದೆ. ತೆನೆ ಬಲಿಯುವ ಹೊತ್ತಿಗೆ ಕೊಯ್ಲಿಗೆ ಅಂತ ರೈತ ನೀರು ಬಸಿದು ಗದ್ದೆ ಒಣಗಿಸುತ್ತಾನೆ. ಆಗ ಮಣ್ಣಿಗೆ ಗಾಳಿ ಆಡಿ ಆ ಕಟ್ಟು ಬಿಚ್ಚುತ್ತದೆ, ಬೇರು ಹೀರುತ್ತದೆ, ಸೀದಾ ಕಾಳಿಗೆ ಹೋಗುತ್ತದೆ. ಪೈರನ್ನು ಸುಡುವಷ್ಟು ವಿಷ ನೀರಿನ ಬಾಯಲ್ಲಿ ಮಾತ್ರ. ಅಲ್ಲಿಂದ ಆಚೆಗೆ ಪೈರು ಹಸಿರಾಗೇ ಇರುತ್ತದೆ, ತೆನೆ ತುಂಬುತ್ತದೆ. ಮನುಷ್ಯರಿಗೆ ಕೇಡು ಮಾಡುವಷ್ಟು ಕ್ಯಾಡ್ಮಿಯಂ ಭತ್ತಕ್ಕೆ ಏನೂ ಮಾಡದೆ ಇರಬಹುದು. ಒಳ್ಳೆ ಬೆಳೆ ಬಂತು ಅಂತ ಹಬ್ಬ ಮಾಡಿ ಉಂಡ ವರ್ಷಗಳೂ ಇದ್ದಾವು.

ಹೊಟ್ಟೆಗೆ ಹೋದದ್ದು ಕಿಡ್ನಿಯಲ್ಲಿ ಸೇರಿಕೊಳ್ಳುತ್ತದೆ. ಸೇರಿದ್ದರಲ್ಲಿ ಅರ್ಧ ಹೊರಗೆ ಹೋಗಬೇಕಾದರೆ ಹತ್ತರಿಂದ ಮೂವತ್ತು ವರ್ಷ ಬೇಕು. ಅಷ್ಟರಲ್ಲಿ ದಿನಾ ಮೂರು ಹೊತ್ತಿನ ಊಟದಿಂದ ಇನ್ನಷ್ಟು ಸೇರುತ್ತದೆ. ಕಿಡ್ನಿ ನಮ್ಮ ಮೊರ ಇದ್ದ ಹಾಗೆ, ಬೇಕಾದ್ದನ್ನು ಉಳಿಸಿಕೊಂಡು ಬೇಡದ್ದನ್ನು ಕೇರಿ ಹಾಕುತ್ತದೆ. ಕ್ಯಾಡ್ಮಿಯಂ ಆ ಮೊರವನ್ನೇ ತೂತು ಮಾಡುತ್ತದೆ. ಮೂಳೆಗೆ ಬೇಕಾದ ರಂಜಕ, ಸುಣ್ಣದ ಅಂಶ, ಸಣ್ಣ ಪ್ರೋಟೀನುಗಳು ಎಲ್ಲ ಮೂತ್ರದಲ್ಲಿ ಹರಿದು ಹೋಗುತ್ತವೆ. ಮೂಳೆ ಮೆತ್ತಗಾಗುತ್ತದೆ, ಬಾಗುತ್ತದೆ, ಮುರಿಯುತ್ತದೆ. ಒಮ್ಮೆ ಹಾಳಾದ ಕಿಡ್ನಿ ಮತ್ತೆ ಸರಿಹೋಗುವುದಿಲ್ಲ.

ಯಾಕೆ ಹೆಂಗಸರಿಗೇ ಜಾಸ್ತಿ ಅನ್ನೋ ಪ್ರಶ್ನೆಗೂ ಈಗ ಉತ್ತರ ಇದೆ. ಬಸುರಿ ಬಾಣಂತನದಲ್ಲಿ ಅವರ ಮೂಳೆಯ ಸುಣ್ಣ ಮಗುವಿಗೆ ಹೋಗಿರುತ್ತದೆ. ಇನ್ನೊಂದು ಕಾರಣ, ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆ ಇದ್ದರೆ ಕರುಳು ಕಬ್ಬಿಣ ಅಂತ ತಿಳಿದು ಕ್ಯಾಡ್ಮಿಯಮ್ಮನ್ನು ಹೆಚ್ಚು ಹೆಚ್ಚು ಎಳೆದುಕೊಳ್ಳುತ್ತದೆ. ಅಂದರೆ ರಕ್ತಹೀನ ಹೆಂಗಸು ಒಂದೇ ತಟ್ಟೆಯ ಅನ್ನದಲ್ಲಿ ಗಂಡನಿಗಿಂತ ಹೆಚ್ಚು ವಿಷ ಉಣ್ಣುತ್ತಾಳೆ. ನಮ್ಮ ದೇಶದಲ್ಲಿ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿ ರಕ್ತಹೀನರು. ಎಲ್ಲರೂ ಉಂಡ ಮೇಲೆ ತಳದ್ದನ್ನು ಬಳಿದುಕೊಂಡು ಉಣ್ಣುವ ಅವ್ವಂದಿರ ದೇಶ ಇದು. ಪಂಡಿತರು ಹೇಳಿದ ಬಡತನ ಸುಳ್ಳಲ್ಲ. ಬಡತನ ಬಾಗಿಲು ತೆರೆದಿಟ್ಟಿತ್ತು, ಗಣಿ ಒಳಗೆ ಬಂತು.

1966ರಲ್ಲಿ ರೈತರು ಸಂಘ ಕಟ್ಟಿದರು. ಮುಂದಾಳು ಯೊಶಿಹಿಸ ಕೊಮತ್ಸು ಅನ್ನುವ ರೈತ, ತನ್ನ ಅಜ್ಜಿಯೂ ತಾಯಿಯೂ ಈ ನೋವು ಉಂಡದ್ದನ್ನು ಕಣ್ಣಾರೆ ಕಂಡವನು. ಸಂಘದವರು ಬೆಟ್ಟ ಹತ್ತಿ ಗಣಿಗೆ ಹೋಗಿ ಕೇಳಿದರು. ಸರ್ಕಾರದ ಕಡೆಯಿಂದ ತಪ್ಪು ನಮ್ಮದು ಅಂತ ತೀರ್ಮಾನವಾದರೆ ಆಗ ನೋಡೋಣ ಅನ್ನುವ ಉತ್ತರ ಬಂತು. ಈ ಭಾಷೆ ನಮಗೆ ಹೊಸದಲ್ಲ. ತಾಲ್ಲೂಕಾಫೀಸಿನ ಮೆಟ್ಟಿಲು ಹತ್ತಿದವರಿಗೆಲ್ಲ ಇದರ ವ್ಯಾಕರಣ ಗೊತ್ತು.

ಕೋರ್ಟಿಗೆ ಹೋಗುವುದು ಸುಲಭವಿರಲಿಲ್ಲ. ಸೋತರೆ ಊರಲ್ಲಿ ತಲೆ ಎತ್ತುವ ಹಾಗಿಲ್ಲ, ಜಮೀನು ಮಾರಿ ಎಲ್ಲಾದರೂ ಹೋಗಬೇಕು ಅನ್ನುವುದು ಅವರಿಗೆ ಗೊತ್ತಿತ್ತು. ಎದುರಿಗಿರುವುದು ಮಿತ್ಸುಯಿ. ಎಳೆಯ ವಯಸ್ಸಿನ ಲಾಯರುಗಳು ಬಂದು ಹಳ್ಳಿಗಳಲ್ಲಿ ಕೂತು ಕೇಸು ಕಟ್ಟಿದರು. 1968ರ ಮಾರ್ಚ್ 9ರಂದು ರೋಗಿಗಳೂ ಸತ್ತವರ ಮನೆಯವರೂ ತೊಯಾಮ ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಹಾಕಿದರು. ಅದಾದ ಎರಡು ತಿಂಗಳಿಗೆ, ಮೇ 8ರಂದು, ಜಪಾನ್ ಸರ್ಕಾರದ ಆರೋಗ್ಯ ಇಲಾಖೆ ಬಾಯಿಬಿಟ್ಟಿತು. ಈ ರೋಗ ಕ್ಯಾಡ್ಮಿಯಮ್ಮಿನಿಂದ ಬಂದದ್ದು, ಆ ಕ್ಯಾಡ್ಮಿಯಂ ಕಮಿಯೊಕ ಗಣಿಯಿಂದ ಬಂದದ್ದು. ಕೈಗಾರಿಕೆಯ ಕೊಳಕಿನಿಂದ ಬಂದ ರೋಗ ಅಂತ ಆ ದೇಶದ ಸರ್ಕಾರ ಒಪ್ಪಿಕೊಂಡ ಮೊದಲ ರೋಗ ಇದೇ. ಯಾವುದು ಮೊದಲು ಯಾವುದು ಆಮೇಲೆ ಅನ್ನುವುದನ್ನು ಗೆಳೆಯರು ಗಮನಿಸಬೇಕು. ದಾವೆ ಮೊದಲು, ಸರ್ಕಾರದ ಜ್ಞಾನೋದಯ ಆಮೇಲೆ.

ಕಂಪೆನಿ ಕೋರ್ಟಿನಲ್ಲಿ ಹೂಡಿದ ವಾದ ವಿಜ್ಞಾನದ ವೇಷ ತೊಟ್ಟಿತ್ತು. ಎಷ್ಟು ಗ್ರಾಂ ಕ್ಯಾಡ್ಮಿಯಂ ಹೊಟ್ಟೆಗೆ ಹೋದರೆ ಎಷ್ಟು ದಿನಕ್ಕೆ ಯಾವ ಮೂಳೆ ಮುರಿಯುತ್ತದೆ, ಅದನ್ನು ತಜ್ಞರಿಂದ ಪರೀಕ್ಷೆ ಮಾಡಿಸಿ, ಪೂರ್ತಿ ರುಜುವಾತು ಮಾಡಿ, ಆಮೇಲೆ ಮಾತಾಡೋಣ. ಆ ಪರೀಕ್ಷೆಗೆ ಹತ್ತಾರು ವರ್ಷ ಹಿಡಿಯುತ್ತಿತ್ತು, ಹೂಡಿದ ಹೆಂಗಸರು ಅಷ್ಟರಲ್ಲಿ ಮಣ್ಣಾಗುತ್ತಿದ್ದರು. ನ್ಯಾಯಾಲಯ ಅದಕ್ಕೆ ಒಪ್ಪಲಿಲ್ಲ. ರೋಗ ಎಲ್ಲಿದೆ ಎಲ್ಲಿಲ್ಲ, ನೀರು ಎಲ್ಲಿ ಹರಿಯುತ್ತದೆ ಎಲ್ಲಿ ಹರಿಯುವುದಿಲ್ಲ, ಈ ಲೆಕ್ಕವೇ ಸಾಕು ಅಂದಿತು. ಹಗಿನೊ ಇಟ್ಟ ಚುಕ್ಕೆಗಳೇ ಸಾಕ್ಷಿ ಹೇಳಿದವು. ಗಣಿಯಿಂದಾದ ಹಾನಿಗೆ ಗಣಿಯವನ ತಪ್ಪನ್ನು ಬೇರೆ ರುಜುವಾತು ಮಾಡಬೇಕಾಗಿಲ್ಲ, ಹಾನಿ ಅವನಿಂದ ಆಯಿತು ಅನ್ನುವುದೇ ಸಾಕು ಅಂತ ಅಲ್ಲಿನ ಗಣಿ ಕಾನೂನಿನಲ್ಲೇ ಇತ್ತು. 1971ರ ಜೂನ್ 30ರಂದು ರೈತರು ಗೆದ್ದರು. ಕಂಪೆನಿ ಮೇಲಿನ ಕೋರ್ಟಿಗೆ ಹೋಯಿತು. 1972ರ ಆಗಸ್ಟ್ 9ರಂದು ಅಲ್ಲೂ ಸೋತಿತು, ಪರಿಹಾರದ ಹಣ ದುಪ್ಪಟ್ಟಾಯಿತು.

ನಮ್ಮಲ್ಲಿ ಆದರೆ ಇಲ್ಲಿಗೆ ಹಾರ ಹಾಕಿಸಿಕೊಂಡು ಮನೆಗೆ ಹೋಗುತ್ತಿದ್ದರೇನೊ. ಅವರು ಹೋಗಲಿಲ್ಲ. ಮಾರನೆಯ ದಿನವೇ ಟೋಕಿಯೊದಲ್ಲಿದ್ದ ಕಂಪೆನಿಯ ಹೆಡ್ಡಾಫೀಸಿಗೆ ನುಗ್ಗಿ ಕೂತರು. ಅಲ್ಲಿಂದ ಎದ್ದದ್ದು ಮೂರು ಕಾಗದಗಳಿಗೆ ಸಹಿ ಹಾಕಿಸಿಕೊಂಡ ಮೇಲೆ. ಒಂದು ರೋಗಿಗಳ ಪರಿಹಾರಕ್ಕೆ, ಒಂದು ಕೆಟ್ಟ ಮಣ್ಣಿನ ಹೊಣೆಗೆ. ಮೂರನೆಯದು ನಮ್ಮ ಪ್ರಕಾರ ಕೋರ್ಟಿನ ತೀರ್ಪಿಗಿಂತ ದೊಡ್ಡದು. ಹಳ್ಳಿಯವರು ತಮಗೆ ಬೇಕೆನಿಸಿದಾಗ, ತಾವೇ ಆರಿಸಿದ ವಿಜ್ಞಾನಿಗಳ ಜೊತೆ, ಗಣಿಯ ಒಳಗೆ ಎಲ್ಲಿ ಬೇಕಾದರೂ ಹೋಗಿ ನೋಡಬಹುದು, ಕಾಗದಪತ್ರ ಕೇಳಬಹುದು, ಅದರ ಖರ್ಚು ಕಂಪೆನಿಯದು.

ಆಮೇಲೆ ಎಲ್ಲ ಸರಿಹೋಯಿತು ಅಂತಲ್ಲ. 1975ರಲ್ಲಿ ಒಂದು ದೊಡ್ಡ ಮಾಸಪತ್ರಿಕೆ ಇತಾಯ್ ಇತಾಯ್ ಬರೀ ಭ್ರಮೆಯ ರೋಗವೇನೊ ಅನ್ನುವ ಧಾಟಿಯಲ್ಲಿ ಬರೆಯಿತು, ಆಳುವ ಪಕ್ಷದವರೂ ರಾಗ ಸೇರಿಸಿದರು. ರೋಗಿ ಅಂತ ಸರ್ಟಿಫಿಕೇಟು ಕೊಡೋದು ಬಿಗಿಯಾಯಿತು. 1967ರಿಂದ ಈಚೆಗೆ ಸರ್ಕಾರ ರೋಗಿಗಳು ಅಂತ ಒಪ್ಪಿದ್ದು ಸುಮಾರು 200 ಮಂದಿಯನ್ನು ಮಾತ್ರ, ಹೆಚ್ಚುಕಡಿಮೆ ಎಲ್ಲರೂ ಹೆಂಗಸರು. ಅದಕ್ಕೆ ಮುಂಚೆ ಹಿಂದಿನ ಕೋಣೆಗಳಲ್ಲಿ ಕೂಗಿ ಕೂಗಿ ಸತ್ತವರು ಯಾವ ಪಟ್ಟಿಯಲ್ಲೂ ಇಲ್ಲ. ಕಿಡ್ನಿ ಕೆಟ್ಟಿದ್ದರೂ ಮೂಳೆ ಇನ್ನೂ ಮುರಿದಿಲ್ಲದವರಿಗೆ ಏನೂ ಸಿಕ್ಕಿರಲಿಲ್ಲ. ಅವರಿಗೆ ಒಂದಿಷ್ಟು ಹಣ ಕೊಡುವ ಒಪ್ಪಂದಕ್ಕೆ ಕಂಪೆನಿ ಸಹಿ ಹಾಕಿದ್ದು 2013ರ ಡಿಸೆಂಬರಿನಲ್ಲಿ.

ಅಕ್ಕಿಯ ಲೆಕ್ಕವೂ ಹಾಗೆಯೇ. 1970ರಲ್ಲಿ ಜಪಾನು ಒಂದು ಕೆ.ಜಿ. ಅಕ್ಕಿಯಲ್ಲಿ ಒಂದು ಮಿಲಿಗ್ರಾಂ ಕ್ಯಾಡ್ಮಿಯಂ ಇದ್ದರೆ ಅದನ್ನು ಮಾರುವ ಹಾಗಿಲ್ಲ ಅಂತ ಗೆರೆ ಎಳೆಯಿತು. ಅದಕ್ಕಿಂತ ಕಡಿಮೆ, 0.4ಕ್ಕಿಂತ ಜಾಸ್ತಿ ಇರುವ ಅಕ್ಕಿಯನ್ನು ಸರ್ಕಾರ ತಾನೇ ಕೊಂಡು ಅಂಟು ಮಾಡೋದಕ್ಕೆ ಕಳಿಸುತ್ತಿತ್ತು. ತಿನ್ನೋಕೆ ಯೋಗ್ಯ ಅಂತ ಕಾನೂನು ಹೇಳುತ್ತದೆ, ಜನ ತಿನ್ನೋದು ಬೇಡ ಅಂತ ಅದೇ ಸರ್ಕಾರ ಹೇಳುತ್ತದೆ. ಆ ಗೆರೆಯನ್ನು 0.4ಕ್ಕೆ ಇಳಿಸಿದ್ದು 2011ರಲ್ಲಿ. ನಲವತ್ತು ವರ್ಷ ಬೇಕಾಯಿತು. ಅಷ್ಟರಲ್ಲಿ ಥಾಯ್ಲೆಂಡಿನ ಮೇ ಸೋತ್ ಅನ್ನುವ ಕಡೆ ಸತುವಿನ ಗಣಿಯ ಕೆಳಗಿನ ಗದ್ದೆಗಳಲ್ಲಿ ಅದೇ ಕಥೆ ಬಯಲಾಗಿತ್ತು. 2013ರಲ್ಲಿ ಚೀನಾದ ಗ್ವಾಂಗ್‌ಝೌ ನಗರದಲ್ಲಿ ಪರೀಕ್ಷೆ ಮಾಡಿದ 18 ಮಾದರಿಗಳಲ್ಲಿ 8ರಲ್ಲಿ ಅಲ್ಲಿನ ಗೆರೆ ಮೀರಿ ಕ್ಯಾಡ್ಮಿಯಂ ಸಿಕ್ಕಿತು.

ಕಮಿಯೊಕದ ಇನ್ನೊಂದು ಮುಖವನ್ನೂ ಹೇಳಬೇಕು. ಅದೇ ಗಣಿಯ ಪಾತಾಳದಲ್ಲಿ 1983ರಲ್ಲಿ ವಿಜ್ಞಾನಿಗಳು ಒಂದು ಭಾರೀ ನೀರಿನ ತೊಟ್ಟಿ ಕಟ್ಟಿದರು. ಅಲ್ಲಿ ನ್ಯೂಟ್ರಿನೊ ಅನ್ನುವ ಕಾಣದ ಕಣಗಳನ್ನು ಹಿಡಿದದ್ದಕ್ಕೆ 2002ರಲ್ಲಿ ಒಂದು, 2015ರಲ್ಲಿ ಇನ್ನೊಂದು ನೊಬೆಲ್ ಬಂತು. ಕಮಿಯೊಕ ಅಂದರೆ ಇವತ್ತು ಓದಿದ ಹುಡುಗರಿಗೆಲ್ಲ ನ್ಯೂಟ್ರಿನೊ. ನಮ್ಮ ಕೋಲಾರದ ಚಿನ್ನದ ಗಣಿಯಲ್ಲೂ 1965ರಲ್ಲಿ ನ್ಯೂಟ್ರಿನೊ ಕಂಡಿದ್ದರು. ಪ್ರಪಂಚದಲ್ಲೇ ಮೊದಮೊದಲು ಕಂಡವರಲ್ಲಿ ಅವರೂ ಸೇರಿದ್ದಾರೆ ಅಂತ ಪುಸ್ತಕಗಳು ಬರೆಯುತ್ತವೆ. ಎರಡೂ ಗಣಿಗಳಲ್ಲಿ ಅದಿರು ತೆಗೆಯೋದು ನಿಂತದ್ದು ಒಂದೇ ವರ್ಷ, 2001ರಲ್ಲಿ. ಅಲ್ಲಿ ದುಡಿದ ದಲಿತ ಕಾರ್ಮಿಕರ ಮಕ್ಕಳು ಗಣಿಯ ಕಸದ ಸೈನೈಡ್ ಗುಡ್ಡಗಳ ಪಕ್ಕದಲ್ಲೇ ಈಗಲೂ ಬದುಕುತ್ತಿದ್ದಾರೆ. ಗಾಳಿಗಾಲದಲ್ಲಿ ಆ ಗುಡ್ಡದ ಧೂಳು ಮನೆ ಒಳಗೆ, ತಟ್ಟೆ ಒಳಗೆ ಬರುತ್ತದೆ. ಕೋಲಾರದ ಗುಡ್ಡ ಕಮಿಯೊಕದ ಕೆಸರಲ್ಲ. ಆದರೆ ಮನೆಮನೆಗೂ ಹೋಗಿ ನಕ್ಷೆಯ ಮೇಲೆ ಚುಕ್ಕೆ ಇಡುವ ಕೆಲಸ ಅಲ್ಲೂ ಮಾಡಬಹುದಾದದ್ದೇ.

ಜಿಂಜೂವಿನ ಗದ್ದೆಗಳನ್ನು ಮತ್ತೆ ಗದ್ದೆ ಮಾಡೋದಕ್ಕೆ 1979ರಿಂದ 2012ರವರೆಗೆ 33 ವರ್ಷ ಹಿಡಿಯಿತು. ಮೇಲಿನ ವಿಷದ ಮಣ್ಣನ್ನು ತೆಗೆದು, ಅದೇ ಗದ್ದೆಯಲ್ಲಿ ಆಳಕ್ಕೆ ಹೂತು, ಗಟ್ಟಿ ಮಾಡಿ, ಅದರ ಮೇಲೆ ಬೆಟ್ಟದಿಂದ ತಂದ ಹೊಸ ಮಣ್ಣು ಹಾಸಿದರು. ಹೀಗೆ ಸುಮಾರು 860 ಹೆಕ್ಟೇರು. ಖರ್ಚು 4,000 ಕೋಟಿ ಯೆನ್ನಿಗೂ ಹೆಚ್ಚು. ವಿಷ ಎಲ್ಲೂ ಹೋಗಿಲ್ಲ, ಹೊಸ ಮಣ್ಣಿನ ಕೆಳಗೆ ಮಲಗಿದೆ. ಆ ಗದ್ದೆಗಳಲ್ಲಿ ಆಳಕ್ಕೆ ಅಗೆಯಬಾರದು ಅನ್ನುವುದನ್ನು ಅಪ್ಪ ಮಗನಿಗೆ ಹೇಳಿಕೊಡಬೇಕು.

ಹೊಳೆಯ ನೀರು ಈಗ ಬೇರೆ ಹೊಳೆಗಳ ನೀರಿನಷ್ಟೇ ಚೊಕ್ಕಟವಾಗಿದೆ. ಯಾಕೆ ಅಂದರೆ 1972ರ ಆ ಮೂರನೆಯ ಕಾಗದ ಪೆಟ್ಟಿಗೆಯಲ್ಲಿ ಕೊಳೆಯಲಿಲ್ಲ. ಅದಿರು ನಿಂತರೂ ಲೋಹ ಕರಗಿಸುವ ಕಾರ್ಖಾನೆ ಕಮಿಯೊಕದಲ್ಲಿ ನಡೆಯುತ್ತಲೇ ಇದೆ, ಕಸದ ಕಟ್ಟೆಗಳು ಹಾಗೇ ಇವೆ. ವರ್ಷಕ್ಕೊಂದು ಸಲ ಜಿಂಜೂ ಬಯಲಿನ ರೈತರು ಬಸ್ಸು ಮಾಡಿಕೊಂಡು ಬೆಟ್ಟ ಹತ್ತುತ್ತಾರೆ. ಜೊತೆಗೆ ವಿಜ್ಞಾನಿಗಳು, ಲಾಯರುಗಳು, ಕಾಲೇಜು ಹುಡುಗರು. ತಲೆಗೆ ಹೆಲ್ಮೆಟ್ ಹಾಕಿಕೊಂಡು ಗುಂಪುಗುಂಪಾಗಿ ಕಾರ್ಖಾನೆ, ಕಟ್ಟೆ, ಕೊಳಕು ನೀರು ಹೊರಬರುವ ಬಾಯಿ ಎಲ್ಲ ಸುತ್ತುತ್ತಾರೆ, ಹೋದ ವರ್ಷ ಹೇಳಿದ್ದು ಮಾಡಿದ್ದೀರಾ ಅಂತ ಕೇಳುತ್ತಾರೆ. ಕಂಪೆನಿಯ ಅಧಿಕಾರಿಗಳು ನಿಂತು ಉತ್ತರ ಹೇಳುತ್ತಾರೆ. ಈ ಪ್ರಶ್ನೆ ಕೇಳುವವರಲ್ಲಿ, ಆ ಹಿಂದಿನ ಕೋಣೆಯಲ್ಲಿ ಮಲಗಿದ್ದ ಹೆಂಗಸರ ಮಕ್ಕಳು ಮೊಮ್ಮಕ್ಕಳೂ ಇದ್ದಾರೆ.